ಕೆಮ್ಮಿನ ಲೆಕ್ಕ



ಸವಳಂಗದಲ್ಲಿ ಮಳೆಗಾಲ ಹಿಡಿಯಿತೆಂದರೆ ಮನೆಮನೆಯಲ್ಲಿಯೂ ಕೆಮ್ಮು. ಒಬ್ಬರು ಕಾಳುಮೆಣಸಿನ ಕಷಾಯವನ್ನು ಕುಡಿಯುವರು. ಇನ್ನೊಬ್ಬರು ಅಂಗಡಿಯಿಂದ ಔಷಧದ ಸೀಸೆಯನ್ನು ತರುವರು. ಕೆಲವು ದಿನಗಳಲ್ಲಿ ಇಬ್ಬರಿಗೂ ಗುಣವಾಗುವುದು. ಇಬ್ಬರೂ ತಮ್ಮ ತಮ್ಮ ಮದ್ದನ್ನೇ ಹೊಗಳುವರು. ಆದರೆ ನೆಗಡಿಯ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ಇಳಿಯತಕ್ಕುದು. ಹಾಗಾದರೆ ಕೀರ್ತಿಯು ಸಲ್ಲಬೇಕಾದುದು ಔಷಧಕ್ಕೋ, ಕಾಲಕ್ಕೋ?

ರೋಗಿಯನ್ನೇ ಕೇಳಿದರೆ ಸಾಲದು. ನಿದ್ದೆಯಲ್ಲಿ ಕೆಮ್ಮಿದುದು ಅವನಿಗೆ ನೆನಪಿರದು. ಔಷಧವನ್ನು ಸೇವಿಸಿದೆನೆಂಬ ನಂಬಿಕೆಯೂ ಸಮಾಧಾನವನ್ನು ಕೊಡುವುದು. ಆದುದರಿಂದ ವಿಜ್ಞಾನಿಗಳು ರೋಗಿಯ ಮೈಗೆ ಸಣ್ಣ ಧ್ವನಿಗ್ರಾಹಕವನ್ನು ಅಳವಡಿಸಿ, 24 ಗಂಟೆಗಳ ಕೆಮ್ಮನ್ನೆಲ್ಲ ಧ್ವನಿಮುದ್ರಿಸಿ ಎಣಿಸುವರು. ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಅದರಂತೆಯೇ ತೋರುವ ಹುಸಿ ಔಷಧ. ಯಾರಿಗೆ ಯಾವುದೆಂಬುದು ಕೊಟ್ಟವನಿಗೂ ತಿಳಿಯದು, ಸೇವಿಸಿದವನಿಗೂ ತಿಳಿಯದು. 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪರೀಕ್ಷೆಯಲ್ಲಿ, ಶ್ವಾಸನಾಳಗಳು ಬಹುಕಾಲದಿಂದ ಕೆಟ್ಟಿದ್ದ ರೋಗಿಗಳ ಕೆಮ್ಮನ್ನು ಹೀಗೆ ಎಣಿಸಿದರು. ಹೆಸರಾಂತ ಕೋಡೀನ್ ಹುಸಿ ಔಷಧಕ್ಕಿಂತ ಹೆಚ್ಚಿನ ಗುಣವನ್ನು ತೋರಲಿಲ್ಲ.

ಇದು ಬರಿಯ ಕುತೂಹಲದ ವಿಷಯವಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಔಷಧವನ್ನು ಕುಡಿದು ಮಕ್ಕಳು ಮೃತಪಟ್ಟರು. ಗುಣವೇ ಸಂದೇಹಾಸ್ಪದವಾದಲ್ಲಿ ಅಲ್ಪ ಅಪಾಯವೂ ದುಬಾರಿಯೇ. ಎಳೆಯ ಮಕ್ಕಳಿಗೆ ವೈದ್ಯರ ಮಾತಿಲ್ಲದೆ ಕೆಮ್ಮಿನ ಔಷಧವನ್ನು ಕುಡಿಸಬೇಡಿರಿ. ಯಾರದೇ ಕೆಮ್ಮು ಎರಡು ವಾರಗಳನ್ನು ಮೀರಿದರೆ ಕ್ಷಯದ ಪರೀಕ್ಷೆಯನ್ನು ಮಾಡಿಸಿರಿ. ಅಂಗಡಿಯವನು ಸೀಸೆಯೊಂದನ್ನು ಮುಂದಿಟ್ಟು ಹೊಗಳಿದಾಗ, ಅದರ ಗುಣವನ್ನು ಎಣಿಸಿ ನೋಡಿದವರುಂಟೇ ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಡಿರಿ.