ಮೈದಾನಕ್ಕಾಗಿ ಕಾದವರು



ಹಿಂದೆ ಕನ್ನಡ ಹಳ್ಳಿಗಳಲ್ಲಿ ದೆವ್ವದ ಕಾಟ ತಪ್ಪಲೆಂದು ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ತೆಲುಗು ಹಳ್ಳಿಗಳಲ್ಲಿ ಅದೇ ಮಾತು ‘ರೇಪು ರಾ’. ಎರಡು ಭಾಷೆಯ ನಮ್ಮ ಗಡಿಯಲ್ಲಿ ದೆವ್ವಕ್ಕೂ ಎರಡು ಭಾಷೆ ಬರುತ್ತಿದ್ದಿರಬೇಕು. ಯಾವುದರಲ್ಲಿ ಬರೆದರೂ ಓದಿಕೊಂಡು ಹಿಂದಿರುಗುತ್ತಿತ್ತು. ಮರುದಿನ ಬಂದರೆ ಮತ್ತೆ ಅದೇ ಬರಹ. ಪಾಪ, ಆ ದೆವ್ವಕ್ಕೆ ನಾಳೆ ಎಂಬುದು ಬರಲೇ ಇಲ್ಲ.

ಇವತ್ತಿನ ನನ್ನ ಮಾತು ದೆವ್ವದ್ದಲ್ಲ. ಆಟದ ಮೈದಾನ ಕೊಡಿ ಎಂದು ಸರ್ಕಾರದ ಬಾಗಿಲಿಗೆ ಹೋಗಿ ‘ನಾಳೆ ಬಾ’ ಎಂದು ಓದಿಕೊಂಡು ಬಂದ ಫುಟ್‌ಬಾಲ್ ಅಭಿಮಾನಿಗಳದ್ದು. ನಾನು ಮೆಟ್ರಿಕ್ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಕ್ರೀಡಾಪಟುವಲ್ಲ, ವಿದ್ವಾಂಸನೂ ಅಲ್ಲ. ಆದರೆ ಕಡತ ಎಂದರೇನು, ಅದು ಯಾವ ಮೇಜಿನ ಮೇಲೆ ನಿದ್ದೆ ಹೋಗುತ್ತದೆ, ಯಾರು ಬಂದು ನಿಂತರೆ ಏಳುತ್ತದೆ ಎಂಬುದನ್ನು ಕೆಲಸದ ಕಾಲವೆಲ್ಲ ನೋಡಿದ್ದೇನೆ. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಫುಟ್‌ಬಾಲಿಗೂ ನಮಗೂ ಏನು ಸಂಬಂಧ ಎನ್ನುವಿರಾ? ಸಂಬಂಧ ಹಳೆಯದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು 2–1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಅಂದು ಭಾರತದ ಪರವಾಗಿ ಬಂದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ಕಾಲದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಆಟಗಾರರಿದ್ದರು. ಅವರಲ್ಲಿ ಅಹಮದ್ ಖಾನ್ ಬೆಂಗಳೂರಿನವರು, ಅಪ್ಪಾರಾವ್ ಆಂಧ್ರದ ಕಾಕಿನಾಡದವರು. ಕನ್ನಡ ನೆಲದವನೂ ತೆಲುಗು ನೆಲದವನೂ ಒಂದೇ ಚೆಂಡನ್ನು ಒಬ್ಬರಿಗೊಬ್ಬರು ಕೊಟ್ಟು ಆಡಿದ ಕಾಲವದು. ಚೆಂಡಿಗೆ ಗಡಿ ಗೊತ್ತಿಲ್ಲ.

ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. ನಾಲ್ಕನೆಯದು 1968–69ರಲ್ಲಿ. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಒಂದು ಪೀಳಿಗೆ ಹೋಗಿ ಇನ್ನೊಂದು ಬಂತು, ಟ್ರೋಫಿ ಮಾತ್ರ ಬರಲಿಲ್ಲ. ಬಂದದ್ದು 54 ವರ್ಷ ಕಳೆದ ಮೇಲೆ, 2023ರ ಮಾರ್ಚಿನಲ್ಲಿ. ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿದರು. ಈ ಐವತ್ತು ಚಿಲ್ಲರೆ ವರ್ಷಗಳ ಬರಕ್ಕೆ ಕಾರಣಗಳು ಹಲವು ಇದ್ದಾವು. ಮೈದಾನದ ಕೊರತೆ ಅವುಗಳಲ್ಲಿ ಒಂದಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಈಗ ಬೆಂಗಳೂರಿನ ಕಥೆ ಕೇಳಿ. 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ಕ್ಲಬ್ಬು ಹುಟ್ಟಿತು. ಮೊದಲ ವರ್ಷ ಆಡಿದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಚಿಕ್ಕ ಜಾಗ. ಆದರೆ ನೋಡುವವನಿಗೂ ಆಡುವವನಿಗೂ ನಡುವೆ ಅಂತರವಿಲ್ಲ. ಅಲ್ಲಿಯ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಕೂಗಿದ ಹುಡುಗರು ತಮ್ಮ ಬಳಗಕ್ಕೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದೇ ಹೆಸರಿಟ್ಟುಕೊಂಡರು. ತಂಡ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು. ಮುಂದೆ ಅದು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. 2016ರ ಅಕ್ಟೋಬರಿನಲ್ಲಿ ಅದೇ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿದ ಭಾರತದ ಮೊದಲ ಕ್ಲಬ್ಬಾಯಿತು.

ಸಂತೋಷವೇ. ಆದರೆ ಕಂಠೀರವ ಫುಟ್‌ಬಾಲಿಗಾಗಿ ಕಟ್ಟಿದ್ದಲ್ಲ. ಅದು ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಸರ್ಕಾರದ ಕ್ರೀಡಾಂಗಣ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಹೊಸದು ಮಾಡಿದರು. ಹುಲ್ಲಿನ ಸುತ್ತ ಓಟದ ಹಾದಿ. ಓಡುವ ಮಕ್ಕಳಿಗೆ, ಎತ್ತರ ಜಿಗಿಯುವವರಿಗೆ, ಭರ್ಜಿ ಎಸೆಯುವವರಿಗೆ ಊರಿನಲ್ಲಿ ಇದ್ದ ಮುಖ್ಯ ಜಾಗ ಅದೇ. ಫುಟ್‌ಬಾಲ್ ಬಂದಾಗ ತಮಗೆ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆ ಎಂದರು ಅವರು. ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. 2019ರಲ್ಲಿ ತಂಡದ ತವರು ಪಂದ್ಯಗಳು ಪುಣೆಗೆ ಹೋಗಬಹುದೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದು ಬಂದ ತಂಡಕ್ಕೆ ತನ್ನ ಊರಿನಲ್ಲೇ ಆಡಲು ಜಾಗವುಂಟೋ ಇಲ್ಲವೋ ಎಂಬ ಸ್ಥಿತಿ. ಕೊನೆಗೆ ಅನುಮತಿ ಸಿಕ್ಕಿತು, ಆಟ ನಡೆಯಿತು.

ಇದರಲ್ಲಿ ತಪ್ಪು ಯಾರದು? ಓಡುವ ಹುಡುಗಿಯದಲ್ಲ. ಚೆಂಡು ಒದೆಯುವ ಹುಡುಗನದೂ ಅಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಎರಡು ಕೂಸುಗಳನ್ನು ಒಂದೇ ತೊಟ್ಟಿಲಲ್ಲಿ ಮಲಗಿಸಿ, ಒದ್ದಾಡುತ್ತವೆ ನೋಡಿ ಎಂದು ಬೈದ ಹಾಗಾಯಿತು. ಕ್ಲಬ್ಬು ಹುಟ್ಟಿ ಹತ್ತು ವರ್ಷ ತುಂಬಿದಾಗಲೂ ಬೆಂಗಳೂರಿನಲ್ಲಿ ಫುಟ್‌ಬಾಲಿಗೇ ಮೀಸಲಾದ ದೊಡ್ಡ ಹೊಸ ಕ್ರೀಡಾಂಗಣ ಎದ್ದಿರಲಿಲ್ಲ. ಅಭಿಮಾನಿಗಳ ಬೇಸರ ಅದಕ್ಕೇ. ಟಿಕೆಟ್ಟಿಗೆ ದುಡ್ಡು ಕೊಟ್ಟು, ಓಟದ ಹಾದಿಯ ಆಚೆ ದೂರದಲ್ಲಿ ಕೂತು, ಮುಂದಿನ ವರ್ಷ ಇಲ್ಲಿ ಆಟ ಉಂಟೋ ಇಲ್ಲವೋ ಎಂದು ಯೋಚಿಸಿದ ಜನ ಅವರು.

ಇಂಥದು ನಮ್ಮ ದೇಶದಲ್ಲಿ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ದಕ್ಷಿಣ ಕಡಲತೀರದಲ್ಲಿ ಬ್ರೈಟನ್ ಎಂಬ ಊರಿದೆ. ಅಲ್ಲಿಯ ಫುಟ್‌ಬಾಲ್ ತಂಡ 1902ರಿಂದ ಆಡುತ್ತಿದ್ದ ಗೋಲ್ಡ್‌ಸ್ಟೋನ್ ಮೈದಾನವನ್ನು ಕ್ಲಬ್ಬಿನ ಆಡಳಿತದವರೇ ಮಾರಿಬಿಟ್ಟರು. 1997ರ ಏಪ್ರಿಲ್ 26ರಂದು ಅಲ್ಲಿ ಕೊನೆಯ ಆಟ. ಮುಂದಿನ ಎರಡು ವರ್ಷ ತಂಡ ಸುಮಾರು 70 ಮೈಲಿ ದೂರದ ಗಿಲ್ಲಿಂಗ್‌ಹ್ಯಾಮಿನಲ್ಲಿ ‘ತವರು’ ಪಂದ್ಯ ಆಡಿತು. ನಮ್ಮೂರ ತಂಡದ ಆಟ ನೋಡಲು ನಾವು ಅನಂತಪುರದವರೆಗೆ ಹೋಗಬೇಕಾದ ಹಾಗೆ. ಆಮೇಲೆ ಸ್ವಂತ ಊರಿಗೆ ಮರಳಿ, ಒಂದು ಅಥ್ಲೆಟಿಕ್ಸ್ ಮೈದಾನದಲ್ಲಿ 12 ವರ್ಷ ಕಳೆಯಿತು. ಅಲ್ಲೂ ಸುತ್ತ ಓಟದ ಹಾದಿಯೇ!

ಊರ ಹೊರಗಿನ ಫಾಲ್ಮರ್ ಎಂಬಲ್ಲಿ ಹೊಸ ಕ್ರೀಡಾಂಗಣ ಕಟ್ಟಬೇಕೆಂದು ಯೋಜನೆಯಾಯಿತು. 1999ರಲ್ಲಿ ಊರವರ ಮತ ಕೇಳಿದರು. ಬಹುಮತ ‘ಆಗಲಿ’ ಎಂದಿತು. 2002ರಲ್ಲಿ ನಗರಸಭೆ ಒಪ್ಪಿತು. ಅಷ್ಟಕ್ಕೆ ಮುಗಿಯಲಿಲ್ಲ. ಅದು ಚೆಲುವಾದ ಗುಡ್ಡಗಾಡು, ಅಲ್ಲಿ ಕಟ್ಟಡ ಬೇಡ ಎಂದು ಆ ಹಳ್ಳಿಯವರೂ ನೆರೆಯ ಲೂಯಿಸ್ ಊರಿನ ಆಡಳಿತವೂ ತಕರಾರು ತೆಗೆದರು. ತಕರಾರು ಮಾಡುವ ಹಕ್ಕು ಅವರಿಗೂ ಇತ್ತು. ಕಡತ ಕೇಂದ್ರ ಸರ್ಕಾರಕ್ಕೆ ಹೋಯಿತು. ವಿಚಾರಣೆ ನಡೆಯಿತು. 2004ರಲ್ಲಿ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ವಿಚಾರಣೆಯನ್ನು ಮತ್ತೆ ತೆರೆಸಿದರು. 2005ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟರು.

ಇನ್ನು ಮುಂದಿನದು ಗುಮಾಸ್ತನಾದ ನನ್ನ ಎದೆ ಝಲ್ಲೆನಿಸುವ ಭಾಗ. ಆ ಒಪ್ಪಿಗೆ ಪತ್ರದಲ್ಲಿ ಜಾಗದ ಗಡಿಯ ಬಗ್ಗೆ ಒಂದು ತಪ್ಪು ನುಸುಳಿತ್ತು. ಎದುರಾಳಿಗಳು ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಇಡೀ ಒಪ್ಪಿಗೆಯೇ ಬಿದ್ದುಹೋಯಿತು! ಮತ್ತೆ ಮೊದಲಿನಿಂದ ಪರಿಶೀಲನೆ. ಬೇರೊಬ್ಬ ಸಚಿವೆ ಹೇಝಲ್ ಬ್ಲಿಯರ್ಸ್ 2007ರ ಜುಲೈಯಲ್ಲಿ ಒಪ್ಪಿದರು. ಪತ್ರದ ಒಂದು ತಪ್ಪಿಗೆ ಒಂದೂಮುಕ್ಕಾಲು ವರ್ಷ ದಂಡ. ಹೊಸ ಕ್ರೀಡಾಂಗಣ ತೆರೆದದ್ದು 2011ರ ಜುಲೈಯಲ್ಲಿ. ಹಳೆಯ ಮೈದಾನ ಕಳೆದುಕೊಂಡು 14 ವರ್ಷ.

ಆ 14 ವರ್ಷ ಅಭಿಮಾನಿಗಳು ಏನು ಮಾಡಿದರು? ಸಿಟ್ಟು ಬಂತು, ಬಾರದೆ ಇರುತ್ತದೆಯೇ? ಆದರೆ ಸಿಟ್ಟನ್ನು ಕೆಲಸಕ್ಕೆ ಹಚ್ಚಿದರು. ಸಹಿ ಸಂಗ್ರಹಿಸಿದರು. ಕಾರ್ಡು ಬರೆದರು. ಸಚಿವರಿಗೆ ಹೂ ಕಳಿಸಿದರು. ಫಾಲ್ಮರ್ ಬೇಕು ಎಂದು ಒಂದು ಹಾಡು ಕಟ್ಟಿ ಧ್ವನಿಮುದ್ರಿಸಿದರು. 2005ರ ಜನವರಿಯಲ್ಲಿ ಅದು ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೆಯ ಸ್ಥಾನಕ್ಕೆ ಏರಿತು. ಕಡತವನ್ನು ಯಾರೂ ಮರೆಯದಂತೆ ನೋಡಿಕೊಂಡರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಅವರು ಪೂಜಾರಿಯ ಮುಂದೆಯೇ ಕೂತುಬಿಟ್ಟರು.

ಕೇಳುಗ ಬಂಧುಗಳೇ, ಬ್ಯಾಂಕಿನಲ್ಲಿ ಸಾಲದ ಕಂತು ತಡವಾದರೆ ಬಡ್ಡಿ ಬೀಳುತ್ತದೆ. ಕಟ್ಟುವವನು ಯಾರೆಂದು ಲೆಕ್ಕದ ಪುಸ್ತಕದಲ್ಲಿ ಹೆಸರಿರುತ್ತದೆ. ಸರ್ಕಾರ ತಡ ಮಾಡಿದರೆ ಬಡ್ಡಿ ಯಾರು ಕಟ್ಟುತ್ತಾರೆ? ಅಧಿಕಾರಿಗೆ ವರ್ಗವಾಗುತ್ತದೆ. ಸಚಿವರು ಬದಲಾಗುತ್ತಾರೆ. ಕಡತಕ್ಕಂತೂ ವಯಸ್ಸೇ ಆಗುವುದಿಲ್ಲ. ವಯಸ್ಸಾಗುವುದು ಆಟಗಾರನಿಗೆ. ಹತ್ತು ವರ್ಷಕ್ಕೆ ಚೆಂಡು ಮುಟ್ಟಿದವನು ಇಪ್ಪತ್ತಕ್ಕೆ ಮೆರೆಯಬೇಕು, ಮೂವತ್ತು ದಾಟಿದರೆ ಕಾಲು ಕೇಳುವುದಿಲ್ಲ. ಸುನಿಲ್ ಛೆಟ್ರಿಯಂಥವರು ನಲವತ್ತರ ಹತ್ತಿರದಲ್ಲೂ ಆಡಿದರು. ಅವರು ಸಾವಿರಕ್ಕೊಬ್ಬರು. ಕಡತದ ಹತ್ತು ವರ್ಷ ಎಂದರೆ ಒಬ್ಬ ಹುಡುಗನ ಆಟದ ಆಯುಷ್ಯ ಪೂರ್ತಿ. ಕ್ರೀಡಾಂಗಣ ಕೊನೆಗೊಂದು ದಿನ ಬಂದೀತು. ಅವನ ಇಪ್ಪತ್ತನೆಯ ವಯಸ್ಸು ಮತ್ತೆ ಬರುವುದಿಲ್ಲ.

ನಮಗೆ ಕಾಯುವುದು ಹೊಸತಲ್ಲ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಮೇಲೆ ತುಮಕೂರಿಗೆ ಹೋಗುವ ರೈಲುಮಾರ್ಗ ಮಂಜೂರಾದದ್ದು 2007–08ರಲ್ಲಿ. ಹದಿನೈದು ವರ್ಷ ದಾಟಿದರೂ ಇಡೀ ದಾರಿ ಮುಗಿದಿರಲಿಲ್ಲ. ನಮ್ಮ ಕಡತಗಳಿಗೆ ಊರು ಬದಲಾಯಿಸುವ ಕಷ್ಟವೂ ಇದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಬಂತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಯವರ ಅರ್ಜಿಗೆ ‘ಅದು ಆ ಕಚೇರಿಗೆ ಸೇರಿದ್ದು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ.

ನಮಗೆ ಬೇಕಾದದ್ದು ಬೆಂಗಳೂರಿನಂಥ ಕ್ರೀಡಾಂಗಣವಲ್ಲ. ಮಕ್ಕಳು ಚೆಂಡು ಒದೆಯಲು ಸಮತಟ್ಟಾದ ಒಂದು ಬಯಲು, ಎರಡು ಜೊತೆ ಗೋಲುಕಂಬ, ಕುಡಿಯಲು ನೀರು. ಸುಗ್ಗಿಯಲ್ಲಿ ಶಾಲೆಯ ಬಯಲಲ್ಲಿ ಶೇಂಗಾ ಒಣಗಿಸುತ್ತೇವೆ, ಮದುವೆಗೆ ಪೆಂಡಾಲು ಹಾಕುತ್ತೇವೆ. ಅಷ್ಟಾದರೆ ಪರವಾಗಿಲ್ಲ, ಮರುದಿನ ಬಯಲು ಮಕ್ಕಳಿಗೆ ಮರಳಿ ಸಿಗುತ್ತದೆ. ಒಂದು ಮೂಲೆಯಲ್ಲಿ ಕಲ್ಲು ನೆಟ್ಟು ಗೋಡೆ ಎಬ್ಬಿಸಿದರೆ ಸಿಗುವುದಿಲ್ಲ. ನಮ್ಮ ಹುಡುಗರು ಶಾಲೆ ಬಿಟ್ಟ ಮೇಲೆ ರಾಯದುರ್ಗದ ಜೀನ್ಸ್ ಹೊಲಿಗೆಗೋ ಬೆಂಗಳೂರಿನ ಕೂಲಿಗೋ ಹೊರಟುಬಿಡುತ್ತಾರೆ. ಅವರಿಗೆ ಆಡಲು ಇರುವ ಕಾಲ ಐದಾರು ವರ್ಷ. ಅಷ್ಟರೊಳಗೆ ಮೈದಾನ ಸಿಗದಿದ್ದರೆ ಅವರ ಪಾಲಿಗೆ ಅದು ಸಿಗಲೇ ಇಲ್ಲ. ಹೆಣ್ಣುಮಕ್ಕಳ ಕಾಲ ಇನ್ನೂ ಕಡಿಮೆ. ಅನಂತಪುರದಲ್ಲಿ ಆರ್.ಡಿ.ಟಿ. ಸಂಸ್ಥೆ ಕಟ್ಟಿದ ಕ್ರೀಡಾಗ್ರಾಮವನ್ನು ಹೋಗಿ ನೋಡಿ. ಮಳೆಯಿಲ್ಲದ ನಮ್ಮ ಜಿಲ್ಲೆಯಲ್ಲೂ ಹಸಿರು ಮೈದಾನ ಉಳಿಯಬಲ್ಲದು, ಹಳ್ಳಿಯ ಹುಡುಗಿಯರೂ ಫುಟ್‌ಬಾಲ್ ಆಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಏನು ಮಾಡಬೇಕು? ಯಾವ ಕಡತಕ್ಕೂ ಮೂರು ಪ್ರಶ್ನೆ. ಜಾಗ ಯಾರ ಹೆಸರಿನಲ್ಲಿದೆ? ಹಣ ಯಾವ ಲೆಕ್ಕದಿಂದ ಬರಬೇಕು? ಈಗ ಯಾರ ಸಹಿಗೆ ಕಾದಿದೆ? ಮೊದಲು ಜಾಗ. ಕರ್ನಾಟಕದ ಕಡೆ ಪಹಣಿ ಎನ್ನುತ್ತಾರೆ, ನಮ್ಮಲ್ಲಿ ಅಡಂಗಲ್. ನಿಮ್ಮ ಶಾಲೆಯ ಬಯಲಿನ ಸರ್ವೆ ನಂಬರು ತೆಗೆಸಿ ನೋಡಿ, ಅಳತೆ ಮಾಡಿಸಿ. ಬ್ರೈಟನ್ನಿನವರಿಗೆ ಗಡಿಯ ಒಂದು ತಪ್ಪು ಏನು ಮಾಡಿತೆಂದು ಕೇಳಿದಿರಲ್ಲ. ಗ್ರಾಮದ ಕಚೇರಿಯಲ್ಲೋ ತಹಸೀಲ್ದಾರರ ಕಚೇರಿಯಲ್ಲೋ ಬಾಯಿಮಾತಿನ ಉತ್ತರ ಸಿಕ್ಕಿದರೆ ತೃಪ್ತರಾಗಬೇಡಿ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ತೆಲುಗಿನಲ್ಲೇ ಬರೆಯಿರಿ, ಕಚೇರಿಯ ಭಾಷೆ ಅದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ನಮ್ಮ ಎರಡು ನಾಲಗೆ ಇಂಥ ಕಡೆ ಉಪಯೋಗಕ್ಕೆ ಬರಲಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಹಿರಿಯರೇ, ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೈದಾನ ಬೇಕಾಗಿರುವುದು ಅವರಿಗೆ.

ಕೊಟ್ಟ ಅರ್ಜಿಯ ನಕಲು ಇಟ್ಟುಕೊಳ್ಳಿ. ಅದರ ಮೇಲೆ ಕಚೇರಿಯ ಮುದ್ರೆ ಹಾಕಿಸಿ, ತಾರೀಕು ಬರೆಸಿ. ‘ಆಗುತ್ತದೆ’ ಎಂದರೆ, ‘ಯಾವ ತಾರೀಕಿಗೆ ಸ್ವಾಮಿ?’ ಎಂದು ಕೇಳಿ. ಮರ್ಯಾದೆಯಿಂದ ಕೇಳಿ, ಆದರೆ ಕೇಳದೆ ಎದ್ದು ಬರಬೇಡಿ.