ಗಿರಣಿಯ ನೆಲ ಯಾರ ಪಾಲು?
ಮುಂಬಯಿಯ ಪರೇಲ್, ಲಾಲ್‌ಬಾಗ್ ಪ್ರದೇಶಕ್ಕೆ ಗಿರಣಗಾಂವ್ ಎಂದು ಹೆಸರು. ಎಂದರೆ ಬಟ್ಟೆ ಗಿರಣಿಗಳ ಊರು. 1982ರ ಜನವರಿಯಲ್ಲಿ ನಗರದ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಮಂದಿಗೆ ಮತ್ತೆ ಕೆಲಸ ದೊರೆಯಲೇ ಇಲ್ಲ. ಕಾಲಕ್ರಮದಲ್ಲಿ ನೂಲಿಗಿಂತ ನೆಲಕ್ಕೇ ಬೆಲೆ ಬಂದಿತು.

1991ರ ನಿಯಮವು ಆ ನೆಲವನ್ನು ಹೆಚ್ಚುಕಡಿಮೆ ಮೂರು ಪಾಲಾಗಿಸಿತು: ನಗರದ ಬಯಲಿಗೊಂದು, ಸಾರ್ವಜನಿಕ ವಸತಿಗೊಂದು, ಒಡೆಯನಿಗೊಂದು. 2001ರ ತಿದ್ದುಪಡಿಯಾದರೋ, ಕಟ್ಟಡವಿಲ್ಲದ ಜಾಗವನ್ನಷ್ಟೇ ಹಂಚಿದರೆ ಸಾಕೆಂದಿತು. ಗೋಡೆಗೆ ಗೋಡೆ ತಾಗಿದ ಗಿರಣಿಗಳಲ್ಲಿ ಬರಿಯ ಜಾಗ ಎಷ್ಟಿದ್ದೀತು? 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿಯ ಆವರಣದಲ್ಲಿ ಇಂದು ದುಬಾರಿ ಅಂಗಡಿಗಳ ಮಾಲ್ ಇದೆ.

ನಗರಗಳು ಬದಲಾಗಲಿ, ಆದರೆ ದುಡಿದವರ ಪಾಲು ಒಂದು ಪದದ ತಿದ್ದುಪಡಿಯಲ್ಲಿ ಕರಗದಿರಲಿ.