ಓತಿಯ ಬಾಯಾರಿಕೆ
(ಬಾನುಲಿ ಭಾಷಣ)

ಸಂಸ್ಕೃತದ ‘ಜೀವನ’ ಶಬ್ದಕ್ಕೆ ಬಾಳು ಎಂಬುದರ ಜೊತೆಗೆ ನೀರು ಎಂಬ ಅರ್ಥವೂ ಉಂಟು. ನೀರಿಲ್ಲದೆ ಬಾಳಿಲ್ಲವೆಂಬ ಅನುಭವವನ್ನು ಭಾಷೆ ಹೀಗೆ ಒಂದೇ ಮಾತಿನಲ್ಲಿ ಅಡಗಿಸಿಟ್ಟಿದೆ. ಆದರೆ ಮರುಭೂಮಿಯ ಪ್ರಾಣಿಗಳಿಗೆ ಮಾತ್ರ ನೀರಿನ ಹಂಗಿಲ್ಲವೆಂದು ನಾವು ಭಾವಿಸಿಬಿಡುತ್ತೇವೆ. ಈ ಭಾವನೆ ಎಷ್ಟು ಹುಸಿಯಾದುದು, ಅದರಿಂದ ಒಂದು ಮೂಕಜೀವ ಹೇಗೆ ನವೆಯುತ್ತದೆ ಎಂಬುದನ್ನು ಒಂದು ಓತಿಯ ನಿದರ್ಶನದಿಂದ ನೋಡೋಣ.

ಇಂಗ್ಲಿಷಿನಲ್ಲಿ ‘ಬಿಯರ್ಡೆಡ್ ಡ್ರ್ಯಾಗನ್’ ಎನ್ನುವ ಈ ಪ್ರಾಣಿಯನ್ನು ನಾವು ಗಡ್ಡದ ಓತಿ ಎಂದು ಕರೆಯಬಹುದು. ಆಸ್ಟ್ರೇಲಿಯದ ಒಳನಾಡಿನ ಒಣಭೂಮಿ ಇದರ ತವರು. ಜರ್ಮನಿಯ ಪ್ರಾಣಿವಿಜ್ಞಾನಿ ಅರ್ನ್ಸ್ಟ್ ಆಲ್ 1926ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಶಾಸ್ತ್ರನಾಮ ‘ಪೊಗೋನ ವಿಟಿಸೆಪ್ಸ್’. ಗ್ರೀಕಿನಲ್ಲಿ ‘ಪೊಗೋನ್’ ಎಂದರೆ ಗಡ್ಡ. ಕೆರಳಿದಾಗ ಗಂಟಲ ಕೆಳಗಿನ ಮುಳ್ಳುಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಈ ಹೆಸರು. ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತವೂ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಿಂದ ಕನ್ನಡಿಗರಿಗೆ ಆಪ್ತವಾದ ಹಾರುವ ಓತಿಯೂ ಇದರ ದಾಯಾದಿಗಳೇ. ಮೂರೂ ಅಗಾಮಿಡೆ ಎಂಬ ಒಂದೇ ಕುಲದವು. ಆಸ್ಟ್ರೇಲಿಯವು ತನ್ನ ವನ್ಯಜೀವಿಗಳ ವಾಣಿಜ್ಯ ರಫ್ತನ್ನು ನಿಷೇಧಿಸಿದ್ದರೂ, ಹೊರನಾಡುಗಳಲ್ಲಿ ಬೆಳೆದ ಸಂತತಿ ಇಂದು ಯೂರೋಪು, ಅಮೆರಿಕಗಳ ಎಷ್ಟೋ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಾಳುತ್ತಿದೆ.

ತವರಿನಲ್ಲಿ ಈ ಓತಿ ನೀರು ಕುಡಿಯುವ ಪರಿ ಸೋಜಿಗದ್ದು. ಮಳೆ ಬಂದಾಗ ಅದು ಮೈಯನ್ನು ಅಗಲಿಸಿ, ಹಿಂಭಾಗವನ್ನೆತ್ತಿ, ತಲೆ ತಗ್ಗಿಸಿ ನಿಲ್ಲುತ್ತದೆ. ಬೆನ್ನ ಮೇಲೆ ಬಿದ್ದ ಹನಿ ಮೂತಿಯ ಕಡೆಗೆ ಹರಿದು ಬರುತ್ತದೆ. ಓತಿ ಅದನ್ನು ಮೆಲ್ಲಗೆ ಹೀರುತ್ತದೆ. ಉಳಿದ ದಿನಗಳಲ್ಲಿ ತಿನ್ನುವ ಸೊಪ್ಪು, ಹೂ, ಹುಳುಗಳೊಳಗಿನ ತೇವವೇ ಗತಿ. ಚಿಮ್ಮಂಡೆಯಂಥ ಹುಳುವಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ ಇರುತ್ತದೆ. ಗಳಿಸಿದುದನ್ನು ಉಳಿಸುವುದರಲ್ಲಿಯೂ ಅದು ಜಾಣ. ಮೈಯ ಕಶ್ಮಲವನ್ನು ನಮ್ಮಂತೆ ನೀರಾಗಿ ಹರಿಯಬಿಡದೆ, ಯೂರಿಕ್ ಆಮ್ಲದ ಬಿಳಿಯ ಮುದ್ದೆಯಾಗಿ ಹೊರಹಾಕುತ್ತದೆ. ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಕಾಣುವ ಬಿಳಿಯ ಚುಕ್ಕೆ ಇದೇ. ಆದರೆ ಮಿತವ್ಯಯಿಯಾದವನಿಗೆ ಆದಾಯವೇ ಬೇಡವೆಂದು ಯಾರಾದರೂ ಹೇಳುವರೆ?

ಪೆಟ್ಟಿಗೆಯೊಳಗೆ ಮಳೆಯಿಲ್ಲ, ಇಬ್ಬನಿಯಿಲ್ಲ. ಬಿಸಿಲಿಗೆ ಬದಲಾಗಿ ಉರಿಯುವ ದೀಪದ ಕೆಳಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಾವು. ಬಟ್ಟಲಲ್ಲಿ ನೀರಿಟ್ಟರಾಯಿತಲ್ಲವೆ ಎಂದರೆ, ಅಲುಗದ ನೀರು ಎಷ್ಟೋ ಓತಿಗಳ ಕಣ್ಣಿಗೆ ನೀರೆಂದೇ ತೋರುವುದಿಲ್ಲ. ಆದುದರಿಂದ ಸೊಪ್ಪನ್ನು ತೊಳೆದು ಹನಿಯಿರುವಾಗಲೇ ಕೊಡಬೇಕು. ಮೂತಿಯ ತುದಿಗೆ ಬೆರಳಿಂದ ಒಂದೊಂದೇ ಹನಿ ತೊಟ್ಟಿಕ್ಕಿಸಿದರೆ ಅದು ನಾಲಿಗೆ ಚಾಚಿ ನೆಕ್ಕುತ್ತದೆ. ಆಳವಿಲ್ಲದ ತಟ್ಟೆಯನ್ನು ಪೆಟ್ಟಿಗೆಯ ತಂಪಾದ ಬದಿಯಲ್ಲಿಟ್ಟು, ದಿನವೂ ನೀರು ಬದಲಿಸುವುದು ಲೇಸು. ಆಗೊಮ್ಮೆ ಈಗೊಮ್ಮೆ ಉಗುರು ಬೆಚ್ಚಗಿನ ನೀರಿನಲ್ಲಿ, ಮುಂಗಾಲಿನ ಕೀಲು ಮುಳುಗುವಷ್ಟರಲ್ಲಿ, ಕಣ್ಣೆದುರೇ ನಿಲ್ಲಿಸಬಹುದು. ಅದರ ಒರಟು ಚರ್ಮ ನೀರನ್ನು ಹೀರುವಂಥದಲ್ಲ. ಅಲ್ಲಿ ಬಾಯಿಟ್ಟು ಕುಡಿದರೆ ಮಾತ್ರ ಪ್ರಯೋಜನ.

ಅತಿಪ್ರೀತಿಯೂ ಇಲ್ಲಿ ಅಪಾಯವೇ. ಬಲವಂತದಿಂದ ಬಾಯೊಳಗೆ ನೀರು ಸುರಿದರೆ, ನಾಲಿಗೆಯ ಬುಡದಲ್ಲಿರುವ ಉಸಿರುನಾಳದ ಬಾಯಿಯ ಮೂಲಕ ಅದು ಶ್ವಾಸಕೋಶಕ್ಕೆ ಇಳಿದೀತು. ಪೆಟ್ಟಿಗೆಯನ್ನು ಸದಾ ಒದ್ದೆಯಾಗಿಟ್ಟು ಮಲೆನಾಡು ಮಾಡಿದರೆ ಒಣಹವೆಯ ಈ ಜೀವಿಗೆ ಉಸಿರಾಟದ ಬೇನೆ ತಗಲುತ್ತದೆ. ಕುಡಿಯಲು ನೀರು ಬೇಕು, ಸುತ್ತಲ ಗಾಳಿ ಒಣಗಿರಬೇಕು. ಈ ಎರಡನ್ನೂ ಸರಿದೂಗಿಸುವುದೇ ಸಾಕುವವನ ವಿವೇಕ.

ನಾಯಿ ಬರಿದಾದ ಬಟ್ಟಲನ್ನು ನೆಕ್ಕಿ ತೋರುತ್ತದೆ, ಬೆಕ್ಕು ಕಾಲಿಗೆ ಸುತ್ತಿ ಕೂಗುತ್ತದೆ. ಓತಿಯ ಬಾಯಾರಿಕೆಗೆ ದನಿಯಿಲ್ಲ. ಅದನ್ನು ಮೈಯಲ್ಲಿ ಓದಬೇಕು. ಕಣ್ಣು ಗುಳಿಬೀಳುತ್ತದೆ, ಬಾಯೊಳಗೆ ಜೊಲ್ಲು ಅಂಟಂಟಾಗುತ್ತದೆ, ಮೆಲ್ಲನೆ ಎತ್ತಿಬಿಟ್ಟ ಚರ್ಮ ಮಡಿಕೆಯಾಗಿಯೇ ನಿಲ್ಲುತ್ತದೆ, ಹಿಕ್ಕೆಯ ಬಿಳಿಯ ಭಾಗ ಹಳದಿಯಾಗಿ, ಗಡುಸಾಗುತ್ತದೆ. ಹಾಗೆಯೇ ಬಿಟ್ಟರೆ ಯೂರಿಕ್ ಆಮ್ಲ ಮೂತ್ರಪಿಂಡಗಳಲ್ಲಿಯೂ ಕೀಲುಗಳಲ್ಲಿಯೂ ಹರಳುಗಟ್ಟಿ, ಪ್ರಾಣಿ ನೋವಿನಲ್ಲಿ ನವೆದು ಸಾಯುತ್ತದೆ. ಈ ಚಿಹ್ನೆಗಳು ಕಂಡಲ್ಲಿ ಪಶುವೈದ್ಯರ ಬಳಿಗೆ ಒಯ್ಯುವುದೇ ಸರಿ.

ಯಾವ ಜೀವಿಯನ್ನೇ ಆಗಲಿ ಮನೆಗೆ ತಂದಾಗ ನಾವು ಅದರ ಆಕಾಶವನ್ನು ಹೊರಗೆ ಬಿಟ್ಟುಬಂದಿರುತ್ತೇವೆ. ಬಯಲಿನಲ್ಲಿದ್ದಿದ್ದರೆ ಅದು ಮಳೆಯನ್ನು ಕಾಯುತ್ತಿತ್ತು. ಪೆಟ್ಟಿಗೆಯಲ್ಲಿ ನಮ್ಮನ್ನು ಕಾಯುತ್ತದೆ. ಮಳೆಯನ್ನು ತಪ್ಪಿಸಿದವನು ಮಳೆಯ ಹೊಣೆಯನ್ನೂ ಹೊರಬೇಕು. ಅದಕ್ಕೆ ಮನಸ್ಸಿಲ್ಲದವನು ಓತಿಯನ್ನು ಸಾಕದೆ ಇರುವುದೇ ಅದಕ್ಕೆ ಮಾಡುವ ಉಪಕಾರ.